ಕಾಲ್ಚೆಂಡಿನ ಉಪಾಧ್ಯಾಯರು: ದಿವಂಗತ ರಹೀಮ್ ಸಾಹೇಬರು

ಆಟದಲ್ಲಿ ಗೆದ್ದವನ ಹೆಸರು ಊರಿಗೆಲ್ಲ ತಿಳಿಯುತ್ತದೆ. ಅವನನ್ನು ನೂರು ಹುಡುಗರ ನಡುವಿನಿಂದ ಆರಿಸಿ ತೆಗೆದವರ ಹೆಸರು ಬಹುಮಟ್ಟಿಗೆ ಯಾರಿಗೂ ತಿಳಿಯುವುದಿಲ್ಲ. ಹೊಲದಲ್ಲಿ ತೂಗುವ ರಾಗಿಯ ತೆನೆಯನ್ನು ಹೊಗಳುವವರು, ಹಿಂದಿನ ವರ್ಷ ಕಣದಲ್ಲಿ ಕುಳಿತು ಬಿತ್ತನೆಗೆಂದು ಒಳ್ಳೆಯ ತೆನೆಗಳನ್ನು ಆರಿಸಿಟ್ಟ ಅಜ್ಜಿಯನ್ನು ನೆನೆಯುವುದುಂಟೆ? ಆದರೆ ಆ ಆರಿಸುವ ಕೆಲಸ ತಪ್ಪಿದರೆ ಮುಂದಿನ ಬೆಳೆಯೇ ತಪ್ಪುತ್ತದೆ. ಭಾರತದ ಕಾಲ್ಚೆಂಡಾಟಕ್ಕೆ ಹೀಗೆ ಬಿತ್ತನೆಯ ಕಾಳನ್ನು ಆರಿಸಿಕೊಟ್ಟವರು ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಮ್ ಅವರು. ಅವರ ಬಾಳನ್ನು ಬಲ್ಲಷ್ಟು ಮಟ್ಟಿಗೆ ಹೇಳುವುದೂ, ಒಬ್ಬ ಶಿಕ್ಷಕನು ಹುಡುಗನಲ್ಲಿ ಏನನ್ನು ಕಾಣಬೇಕು ಎಂಬ ಪ್ರಶ್ನೆಯನ್ನು ಆ ಬಾಳಿನ ಬೆಳಕಿನಲ್ಲಿ ವಿಚಾರಿಸುವುದೂ ಈ ಲೇಖನದ ಉದ್ದೇಶ.

ರಹೀಮ್ ಸಾಹೇಬರು ಹುಟ್ಟಿದ್ದು ೧೯೦೯ನೆಯ ಇಸವಿ ಆಗಸ್ಟ್ ೧೭ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮರ ಸಂಸ್ಥಾನ. ನಮ್ಮ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ ಆ ಸಂಸ್ಥಾನಕ್ಕೇ ಸೇರಿದ್ದು, ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಮೈಸೂರು ರಾಜ್ಯಕ್ಕೆ ಬಂದುವೆಂಬುದು ವಾಚಕರಿಗೆ ತಿಳಿದೇ ಇದೆ. ಆದ್ದರಿಂದ ಅವರನ್ನು ತೀರ ಹೊರಗಿನವರೆಂದು ಎಣಿಸಲು ನನಗೆ ಮನಸ್ಸು ಬರುವುದಿಲ್ಲ. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಓದಿ, ಅಲ್ಲಿಯೇ ಕಾಲ್ಚೆಂಡಾಟದಲ್ಲಿ ಪಳಗಿ, ಆಮೇಲೆ ಅವರು ಶಾಲೆಯ ಉಪಾಧ್ಯಾಯರಾದರು. ವ್ಯಾಯಾಮ ಶಿಕ್ಷಣದಲ್ಲಿಯೂ ಡಿಪ್ಲೊಮಾ ಪಡೆದುಕೊಂಡರು. ತರಗತಿಯಲ್ಲಿ ಪಾಠ, ಸಂಜೆ ಬಯಲಿನಲ್ಲಿ ಆಟ. ಇದೇ ಅವರ ದಿನಚರಿಯಾಯಿತು. ೧೯೪೩ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಘದ ಕಾರ್ಯದರ್ಶಿಗಳಾದರು. ಅವರು ತಮ್ಮ ಕಾಲದಲ್ಲಿ ಮಹಾ ಆಟಗಾರರೆಂದು ಹೆಸರಾದವರಲ್ಲ, ಮೇಷ್ಟರೆಂದೇ ಹೆಸರಾದವರು. ಅವರ ಮುಂದಿನ ಕೆಲಸವನ್ನೆಲ್ಲ ಅರ್ಥಮಾಡಿಕೊಳ್ಳಲು ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಸಾಕು.

ಮೇಷ್ಟರಿಗೂ ಬರಿಯ ಆಟದ ಯಜಮಾನನಿಗೂ ಇರುವ ಅಂತರವೇನು? ಯಜಮಾನನು ಇವತ್ತು ಗೆಲ್ಲಬಲ್ಲವನನ್ನು ಹುಡುಕುತ್ತಾನೆ. ಮೇಷ್ಟರು ಇನ್ನು ಮೂರು ವರ್ಷಕ್ಕೆ ಏನಾಗಬಲ್ಲನೆಂದು ಹುಡುಗನನ್ನು ನೋಡುತ್ತಾರೆ. ರಹೀಮ್ ಸಾಹೇಬರು ಹೈದರಾಬಾದಿನಲ್ಲಿ ಏರ್ಪಡಿಸುತ್ತಿದ್ದ ವಿಚಿತ್ರವಾದ ಪಂದ್ಯಾಟಗಳನ್ನು ಗಮನಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಒಂದು ಪಂದ್ಯಾಟದಲ್ಲಿ ಚೆಂಡನ್ನು ಕಾಲಿನಲ್ಲಿ ಹೊರಳಿಸಿಕೊಂಡು ಓಡುವಂತಿಲ್ಲ. ಬಂದ ಚೆಂಡನ್ನು ಒಡನೆಯೇ ಜೊತೆಗಾರನಿಗೆ ದಾಟಿಸಬೇಕು. ಇನ್ನೊಂದರಲ್ಲಿ ಬಲಗಾಲಿನವನು ಎಡಗಾಲಿನಲ್ಲಿಯೂ ಎಡಗಾಲಿನವನು ಬಲಗಾಲಿನಲ್ಲಿಯೂ ಆಡಬೇಕು. ಮತ್ತೊಂದು ಕುಳ್ಳಗಿರುವ ಹುಡುಗರಿಗೆಂದೇ ಮೀಸಲು.

ಮೇಲುನೋಟಕ್ಕೆ ಇವು ಮಕ್ಕಳಾಟದ ಹಾಗೆ ತೋರಬಹುದು. ಯೋಚಿಸಿ ನೋಡಿದರೆ ಒಂದೊಂದರಲ್ಲಿಯೂ ಒಂದೊಂದು ಪರೀಕ್ಷೆ ಅಡಗಿದೆ. ಚೆಂಡನ್ನು ಕಾಲಿನಲ್ಲಿ ಹಿಡಿದಿಟ್ಟುಕೊಂಡು ನಾಲ್ಕು ಜನರನ್ನು ದಾಟುವವನಿಗೆ ಜನ ಚಪ್ಪಾಳೆ ತಟ್ಟುತ್ತಾರೆ. ಆದರೆ ಚೆಂಡು ಬರುವ ಮೊದಲೇ ಅದನ್ನು ಎಲ್ಲಿಗೆ ಕಳುಹಿಸಬೇಕೆಂದು ನಿಶ್ಚಯಿಸಿಕೊಂಡಿರುವವನ ಬುದ್ಧಿ ಜನರ ಕಣ್ಣಿಗೆ ಬೀಳುವುದಿಲ್ಲ. ಚೆಂಡು ಹೊರಳಿಸುವುದನ್ನು ನಿಷೇಧಿಸಿದಾಗ ಈ ಎರಡನೆಯವನು ತಾನಾಗಿಯೇ ಎದ್ದು ಕಾಣುತ್ತಾನೆ. ಹಾಗೆಯೇ, ತನ್ನ ದುರ್ಬಲವಾದ ಕಾಲಿನಲ್ಲಿ ಆಡಬೇಕಾದಾಗ ಎಲ್ಲರೂ ತಡವರಿಸುತ್ತಾರೆ. ತಡವರಿಸಿದ ಮೇಲೆ ನಾಚಿ ಹಿಂದೆಗೆಯುವವನು ಯಾರು, ಬಿದ್ದೆದ್ದು ಕಲಿಯುವವನು ಯಾರು ಎಂಬುದು ಅಲ್ಲಿ ಗೊತ್ತಾಗುತ್ತದೆ. ಇನ್ನು ಕುಳ್ಳರ ಪಂದ್ಯಾಟ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಕೆಲವರು ಬೇಗ ಬೆಳೆಯುತ್ತಾರೆ, ಕೆಲವರು ತಡವಾಗಿ ಬೆಳೆಯುತ್ತಾರೆ. ಬೇಗ ಬೆಳೆದವನ ಭುಜಬಲದ ಮುಂದೆ ತಡವಾಗಿ ಬೆಳೆಯುವವನ ಕೌಶಲ ಮರೆಯಾಗುತ್ತದೆ. ಅಂಥವನಿಗೆ ತನ್ನ ಸಮಾನರೊಡನೆ ಆಡಲು ಒಂದು ಬಯಲನ್ನು ಕೊಟ್ಟದ್ದು ಎಷ್ಟು ದೊಡ್ಡ ವಿವೇಕ! ಇವುಗಳಿಂದ ನನಗೆ ತೋರುವುದೇನೆಂದರೆ, ರಹೀಮ್ ಸಾಹೇಬರು ಹುಡುಗರಲ್ಲಿ ಮುಖ್ಯವಾಗಿ ಮೂರು ಗುಣಗಳನ್ನು ಹುಡುಕುತ್ತಿದ್ದರು: ಬೇಗ ಯೋಚಿಸುವ ಬುದ್ಧಿ, ಕಲಿಯುವ ಸಹನೆ, ಜೊತೆಗಾರನನ್ನು ನಂಬುವ ಮನಸ್ಸು. ಓಟವೂ ಬಲವೂ ಇವುಗಳ ನಂತರದವು.

೧೯೫೦ರಿಂದ ತಮ್ಮ ಕಡೆಯ ದಿನಗಳವರೆಗೂ ಅವರು ಹೈದರಾಬಾದ್ ನಗರ ಪೊಲೀಸ್ ತಂಡಕ್ಕೆ ಶಿಕ್ಷಕರಾಗಿದ್ದರು. ಈ ತಂಡ ಬೆಂಗಳೂರಿಗೆ ಹೊಸದಲ್ಲ. ೧೯೪೩ರಲ್ಲಿಯೇ ಬೆಂಗಳೂರಿನ ಆಷ್ ಗೋಲ್ಡ್ ಕಪ್ಪನ್ನು ಅದು ಗೆದ್ದುಕೊಂಡಿತ್ತು. ರಹೀಮ್ ಸಾಹೇಬರ ಕೈಗೆ ಬಂದ ಮೇಲೆ ಅದರ ಕೀರ್ತಿ ದೇಶದ ತುಂಬ ಹಬ್ಬಿತು. ೧೯೫೦ರಿಂದ ೧೯೫೪ರವರೆಗೆ ಒಂದರ ಹಿಂದೆ ಒಂದರಂತೆ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ೧೯೫೦ರಲ್ಲಿಯೂ ೧೯೫೪ರಲ್ಲಿಯೂ ಡ್ಯೂರಾಂಡ್ ಕಪ್ಪು ಅದರದೇ ಆಯಿತು. ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳು ದೇಶದ ನಾನಾ ಕಡೆಗಳಿಂದ ಹೆಸರಾದ ಆಟಗಾರರನ್ನು ಕರೆದು ತಂಡ ಕಟ್ಟುತ್ತಿದ್ದ ಕಾಲದಲ್ಲಿ, ಒಂದು ಊರಿನ ಪೊಲೀಸರ ತಂಡ ಹೀಗೆ ಮೆರೆದದ್ದು ಸಾಮಾನ್ಯವಾದ ಮಾತಲ್ಲ. ಕೊಂಡು ತಂದ ಕೀರ್ತಿಗಿಂತ ಬೆಳೆಸಿದ ಕೀರ್ತಿ ಹೆಚ್ಚು ಕಾಲ ಬಾಳುತ್ತದೆಯೆಂಬುದಕ್ಕೆ ಇದೊಂದು ನಿದರ್ಶನ. ೧೯೫೬ ಮತ್ತು ೧೯೫೭ರಲ್ಲಿ ಹೈದರಾಬಾದ್ ತಂಡ ಸಂತೋಷ್ ಟ್ರೋಫಿಯನ್ನೂ ಗೆದ್ದಿತು.

ಅವರು ಕಂಡುಹಿಡಿದ ಹುಡುಗರಲ್ಲಿ ತುಲಸಿದಾಸ್ ಬಲರಾಮ್ ಎಂಬುವರ ಕಥೆ ನನಗೆ ತುಂಬ ಹಿಡಿಸಿತು. ಸಿಕಂದರಾಬಾದಿನ ಅಮ್ಮುಗುಡದ ಬಡ ತಮಿಳು ಮನೆಯ ಹುಡುಗ. ಸ್ಥಳೀಯ ಪಂದ್ಯಗಳಲ್ಲಿ ಈತನ ಆಟವನ್ನು ಕಂಡ ರಹೀಮ್ ಸಾಹೇಬರು ಹೈದರಾಬಾದಿಗೆ ಬಂದು ತರಬೇತಿ ಪಡೆಯಬೇಕೆಂದು ಕರೆದರು. ದಿನವೂ ಸಿಕಂದರಾಬಾದಿನಿಂದ ಹೈದರಾಬಾದಿಗೆ ಹೋಗಿಬರಲು ಹುಡುಗನ ಕೈಯಲ್ಲಿ ಕಾಸಿರಲಿಲ್ಲ. ಕೊನೆಗೆ ಸೈಕಲ್ಲಿನ ಏರ್ಪಾಡಾಯಿತು, ಹುಡುಗ ಬಂದ. ಇಪ್ಪತ್ತನೆಯ ವಯಸ್ಸಿಗೆ ಒಲಿಂಪಿಕ್ಸ್‌ಗೆ ಹೋದ. ಮುಂದೆ ಪಿ. ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ಬಲರಾಮ್ ಎಂದು ಮೂವರ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವಂತಾಯಿತು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮೊದಲು ಯಾರೂ ಇಲ್ಲ. ಆದ್ದರಿಂದ ಈ ಸೈಕಲ್ಲಿನ ವಿಷಯವನ್ನು ಓದಿದಾಗ ನಾನು ಅಲ್ಲಿಯೇ ಸ್ವಲ್ಪ ಹೊತ್ತು ನಿಂತೆ. ಪ್ರತಿಭೆಗೂ ಬಯಲಿಗೂ ನಡುವೆ ಎಷ್ಟೋ ಸಲ ಇರುವುದು ಕೆಲವೇ ಮೈಲಿಗಳ ದಾರಿ ಮತ್ತು ಆ ದಾರಿಯ ಖರ್ಚು. ಹುಡುಗನ ಕಾಲಿನ ಚಳಕವನ್ನು ನೋಡುವವರು ಬಹಳ ಮಂದಿ. ಅವನು ಮನೆಯಿಂದ ಹೇಗೆ ಬರುತ್ತಾನೆ ಎಂದು ಕೇಳುವವರು ಬಹಳ ಕಡಮೆ.

ಈ ಆರಿಸುವ ವಿದ್ಯೆ ಅಮೆರಿಕಾ ದೇಶದಲ್ಲಿ ಒಂದು ಶಾಸ್ತ್ರವೇ ಆಗಿದೆ. ಅಲ್ಲಿಯ ಕಾಲೇಜುಗಳಲ್ಲಿ ಬೇಸ್‌ಬಾಲ್ ಎಂಬ ಆಟಕ್ಕೆ ಬಹಳ ಮನ್ನಣೆಯಿದ್ದು, ಕಾಲೇಜಿನ ತರಬೇತುದಾರರು ಊರೂರಿನ ಹೈಸ್ಕೂಲುಗಳಿಗೆ ಹೋಗಿ ಹುಡುಗರನ್ನು ನೋಡಿ, ವಿದ್ಯಾರ್ಥಿವೇತನ ಕೊಟ್ಟು ಕರೆತರುತ್ತಾರೆ. ಅವರು ನೋಡುವ ಅಂಶಗಳು ಐದು ಎಂದು ರೂಢಿಯಲ್ಲಿ ಎಣಿಸುತ್ತಾರೆ: ಚೆಂಡನ್ನು ತಪ್ಪದೆ ಹೊಡೆಯುವುದು, ದೂರಕ್ಕೆ ಹೊಡೆಯುವ ಬಲ, ಓಟದ ವೇಗ, ಎಸೆತದ ಶಕ್ತಿ, ಚೆಂಡು ಹಿಡಿಯುವ ಚಾತುರ್ಯ. ಇವೆಲ್ಲ ಅಳತೆಗೆ ಸಿಕ್ಕುವಂಥವು. ಆದರೆ ಅನುಭವಿಗಳಾದವರು ಅಷ್ಟಕ್ಕೇ ನಿಲ್ಲದೆ, ಸೋತಾಗ ಹುಡುಗ ಹೇಗೆ ನಡೆದುಕೊಳ್ಳುತ್ತಾನೆ, ಜೊತೆಗಾರರೊಡನೆ ಹೇಗಿರುತ್ತಾನೆ, ಪಾಠದಲ್ಲಿ ಹೇಗಿದ್ದಾನೆ ಎಂಬುದನ್ನೂ ವಿಚಾರಿಸುತ್ತಾರೆ. ಬ್ರಾಂಚ್ ರಿಕಿ ಎಂಬಾತನು ೧೯೧೦ರಿಂದ ೧೯೧೩ರವರೆಗೆ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಬೇಸ್‌ಬಾಲ್ ಕಲಿಸಿದವನು. ಅಲ್ಲಿ ಅವನ ಶಿಷ್ಯನಾಗಿದ್ದ ಜಾರ್ಜ್ ಸಿಸ್ಲರ್ ಚೆಂಡೆಸೆಯುವವನಾಗಿ ಬಂದವನು. ಮುಂದೆ ವೃತ್ತಿಯ ಆಟದಲ್ಲಿ ರಿಕಿಯೇ ಅವನ ಸ್ಥಾನವನ್ನು ಬದಲಾಯಿಸಿದನು. ಸಿಸ್ಲರ್ ಹೆಸರಾಂತ ದಾಂಡಿಗನಾದನು. ಕರಿಯರಿಗೆ ಆ ದೇಶದ ದೊಡ್ಡ ತಂಡಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ, ೧೯೪೫ರಲ್ಲಿ, ಜಾಕಿ ರಾಬಿನ್‌ಸನ್‌ನನ್ನು ಆರಿಸಿಕೊಂಡವನೂ ಈತನೇ. ರಾಬಿನ್‌ಸನ್‌ನ ಆಟವನ್ನು ಮಾತ್ರವಲ್ಲ, ಅವಮಾನವನ್ನು ನುಂಗಿಕೊಂಡು ಆಡಬಲ್ಲ ಅವನ ಮನೋಧೈರ್ಯವನ್ನೂ ರಿಕಿ ಪರೀಕ್ಷಿಸಿದ್ದನು. ೧೯೪೭ರ ಏಪ್ರಿಲ್ ೧೫ರಂದು ರಾಬಿನ್‌ಸನ್ ಕಣಕ್ಕಿಳಿದನು. ದೇಶ ಬೇರೆ, ಆಟ ಬೇರೆ. ಆದರೆ ರಿಕಿಯೂ ರಹೀಮ್ ಸಾಹೇಬರೂ ಹುಡುಕಿದ ವಸ್ತು ಒಂದೇ ಎಂದು ನನಗೆ ಅನ್ನಿಸುತ್ತದೆ.

ಇನ್ನು ರಾಷ್ಟ್ರೀಯ ತಂಡದ ವಿಷಯಕ್ಕೆ ಬರೋಣ. ೧೯೫೧ರಲ್ಲಿ ದೆಹಲಿಯಲ್ಲಿ ಮೊದಲನೆಯ ಏಷ್ಯನ್ ಕ್ರೀಡೆಗಳು ನಡೆದಾಗ ಭಾರತ ತಂಡದ ಶಿಕ್ಷಕರು ರಹೀಮ್ ಸಾಹೇಬರೇ. ಕೊನೆಯ ಪಂದ್ಯದಲ್ಲಿ ಇರಾನನ್ನು ೧-೦ ಗೋಲಿನಿಂದ ಸೋಲಿಸಿ ಭಾರತ ಚಿನ್ನದ ಪದಕ ಪಡೆಯಿತು. ಆ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನರಿದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಇದೇ ಭಾರತಕ್ಕೆ ಘೋರವಾದ ಸೋಲು ಕಾದಿತ್ತು. ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡುವವರು. ಉತ್ತರ ದೇಶದ ಆ ಚಳಿಯಲ್ಲಿ, ಬೂಟು ತೊಟ್ಟ ಯುಗೊಸ್ಲಾವಿಯಾದವರ ಮುಂದೆ, ಭಾರತ ೧-೧೦ ಗೋಲುಗಳಿಂದ ಸೋತಿತು. ಆ ಒಂದು ಗೋಲನ್ನು ಹೊಡೆದವರು ನಮ್ಮ ಅಹಮದ್ ಖಾನರು. ಅದಾದ ಮೇಲೆ ಭಾರತದ ಫುಟ್‌ಬಾಲ್ ಸಂಸ್ಥೆ ಆಟಗಾರರೆಲ್ಲರೂ ಬೂಟು ತೊಡಬೇಕೆಂದು ನಿಯಮ ಮಾಡಿತು.

ಹತ್ತು ಗೋಲುಗಳ ಸೋಲು ಯಾರನ್ನಾದರೂ ಕುಗ್ಗಿಸೀತು. ಆದರೆ ರಹೀಮ್ ಸಾಹೇಬರು ಅದನ್ನು ಪಾಠವನ್ನಾಗಿ ತೆಗೆದುಕೊಂಡರು. ೧೯೫೩ರಲ್ಲಿ ಹಂಗೆರಿಯ ತಂಡ ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು ೬-೩ರಿಂದ ಸೋಲಿಸಿ ಲೋಕವನ್ನೇ ಬೆರಗುಗೊಳಿಸಿತು. ಮುಂದಾಳುಗಳ ನಡುವೆ ನಿಲ್ಲಬೇಕಾದವನನ್ನು ಕೊಂಚ ಹಿಂದಕ್ಕೆ ಕರೆದುಕೊಂಡು, ಎದುರಾಳಿಗೆ ಯಾರನ್ನು ಕಾಯಬೇಕೆಂಬುದೇ ತಿಳಿಯದಂತೆ ಮಾಡುವುದು ಹಂಗೆರಿಯವರ ಉಪಾಯ. ಈ ಕ್ರಮವನ್ನು ರಹೀಮ್ ಸಾಹೇಬರು ನಮ್ಮ ಹುಡುಗರಿಗೂ ಕಲಿಸಿದರು. ಹೊಸ ವ್ಯೂಹಕ್ಕೆ ಹಳೆಯ ಹೆಸರಾಂತರು ಒಗ್ಗದಿದ್ದರೆ ಒಗ್ಗುವವರನ್ನು ಹುಡುಕಬೇಕು. ಅವರು ಮೊದಲಿನಿಂದ ಬೆಳೆಸಿದ್ದ ಒಂದೇ ಸ್ಪರ್ಶದ ಆಟದ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಂತು.

ಅದರ ಫಲ ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಕಂಡಿತು. ಡಿಸೆಂಬರ್ ೧ರಂದು ಆಸ್ಟ್ರೇಲಿಯಾ ತಂಡವನ್ನು ಅದರ ನೆಲದಲ್ಲಿಯೇ ೪-೨ರಿಂದ ಸೋಲಿಸಿದೆವು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದ ಮೊದಲನೆಯ ಏಷ್ಯಾದವರು ಅವರು. ಉಪಾಂತ್ಯ ಪಂದ್ಯದಲ್ಲಿ ಯುಗೊಸ್ಲಾವಿಯಾ ಮತ್ತೆ ಎದುರಾಯಿತು. ಮೊದಲ ಗೋಲು ನಮ್ಮದೇ. ಕೊನೆಗೆ ೧-೪ರಿಂದ ಸೋತೆವು. ಕಂಚಿನ ಪದಕಕ್ಕಾಗಿ ನಡೆದ ಪಂದ್ಯದಲ್ಲಿ ಬಲ್ಗೇರಿಯಾಕ್ಕೆ ೦-೩ರಿಂದ ಸೋತು ನಾಲ್ಕನೆಯ ಸ್ಥಾನ ಪಡೆದೆವು. ನಾಲ್ಕು ವರ್ಷದ ಹಿಂದೆ ಹತ್ತು ಗೋಲು ತಿಂದವರು ಈಗ ಲೋಕದ ನಾಲ್ಕರಲ್ಲಿ ಒಬ್ಬರು. ಮೈಸೂರಿನ ಪರವಾಗಿ ಆಡಿ ಹೆಸರಾಗಿದ್ದ ಕೆಂಪಯ್ಯನವರು ಆ ತಂಡದಲ್ಲಿದ್ದರೆಂಬುದು ಕನ್ನಡಿಗರಾದ ನಮಗೆ ಸಂತೋಷದ ಸಂಗತಿ. ೧೯೬೦ರಲ್ಲಿ ರೋಮಿಗೂ ಅವರು ಹೋದರು. ಅಲ್ಲಿ ಭಾರತ ಫ್ರಾನ್ಸಿನೊಡನೆ ೧-೧ರಿಂದ ಸಮನಾಗಿ, ಹಂಗೆರಿಯಂಥ ತಂಡಕ್ಕೆ ೧-೨ರಿಂದ ಮಾತ್ರ ಸೋತಿತು; ಪೆರುವಿಗೂ ಸೋತು ಹಿಂದಿರುಗಿತು. ಅದೇ ಕಡೆ. ಆಮೇಲೆ ಭಾರತದ ಫುಟ್‌ಬಾಲ್ ತಂಡ ಒಲಿಂಪಿಕ್ಸ್ ಕಣವನ್ನು ಮೆಟ್ಟಿಲ್ಲ.

ಅವರ ಬಾಳಿನ ಕೊನೆಯ ದೊಡ್ಡ ಅಧ್ಯಾಯ ೧೯೬೨ರ ಜಕಾರ್ತಾ ಏಷ್ಯನ್ ಕ್ರೀಡೆಗಳು. ಆ ಹೊತ್ತಿಗಾಗಲೇ ಶ್ವಾಸಕೋಶದ ಅರ್ಬುದ ರೋಗ ಅವರನ್ನು ಹಿಡಿದಿತ್ತು. ಮೊದಲನೆಯ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಾಕ್ಕೆ ೦-೨ರಿಂದ ಸೋಲು. ಆಮೇಲೆ ಥಾಯ್ಲೆಂಡನ್ನು ೪-೧ರಿಂದ, ಜಪಾನನ್ನು ೨-೦ಯಿಂದ ಸೋಲಿಸಿದ್ದಾಯಿತು. ಆದರೆ ಥಾಯ್ಲೆಂಡಿನ ಪಂದ್ಯದಲ್ಲಿ ಬೆನ್ನೆಲುಬಿನಂತಿದ್ದ ರಕ್ಷಕ ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಇದಲ್ಲದೆ, ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಕ್ರೀಡೆಗಳಿಗೆ ಸೇರಿಸದಿದ್ದುದನ್ನು ಭಾರತೀಯರಾದ ಸೋಂಧಿಯವರು ಟೀಕಿಸಿದ್ದರಿಂದ ಜಕಾರ್ತಾದ ಜನ ಭಾರತದ ಮೇಲೆ ಕೆರಳಿದ್ದರು. ನಮ್ಮ ಹುಡುಗರು ಕಣಕ್ಕಿಳಿದರೆ ಸುತ್ತಲೂ ಧಿಕ್ಕಾರ.

ಇಂಥ ಸ್ಥಿತಿಯಲ್ಲಿ ಬೇರೆಯವರಾಗಿದ್ದರೆ ಗಾಯಗೊಂಡವನನ್ನು ಹೊರಗಿಟ್ಟು ಇನ್ನೊಬ್ಬನನ್ನು ಹಾಕುತ್ತಿದ್ದರು. ತಲೆಗೆ ಕಟ್ಟು ಕಟ್ಟಿಕೊಂಡವನು ಹಿಂಬದಿಯಲ್ಲಿ ನಿಂತು ಮೇಲಿನಿಂದ ಬರುವ ಚೆಂಡುಗಳನ್ನು ತಲೆಯಿಂದ ತಡೆಯುವುದು ಕಷ್ಟವೆಂಬುದು ಎಲ್ಲರಿಗೂ ತಿಳಿದದ್ದೇ. ರಹೀಮ್ ಸಾಹೇಬರು ಜರ್ನೈಲರನ್ನು ಹಿಂಬದಿಯಿಂದ ತೆಗೆದು ಮುನ್ಪಂಕ್ತಿಯ ನಡುವಿಗೆ ಕಳುಹಿಸಿದರು. ಅವರ ಜಾಗಕ್ಕೆ ಅರುಣ್ ಘೋಷರನ್ನು ನಿಲ್ಲಿಸಿದರು. ದಕ್ಷಿಣ ವಿಯೆಟ್ನಾಮಿನ ಮೇಲಿನ ಉಪಾಂತ್ಯ ಪಂದ್ಯದಲ್ಲಿ ಜರ್ನೈಲ್ ಗೋಲು ಹೊಡೆದರು. ಭಾರತ ೩-೨ರಿಂದ ಗೆದ್ದಿತು. ಸೆಪ್ಟೆಂಬರ್ ೪ರಂದು ಅಂತಿಮ ಪಂದ್ಯ. ಎದುರಾಳಿ ಮತ್ತೆ ಅದೇ ದಕ್ಷಿಣ ಕೊರಿಯಾ. ಸುಮಾರು ಲಕ್ಷ ಜನ ತುಂಬಿದ್ದ ಸೆನಯಾನ್ ಕ್ರೀಡಾಂಗಣದಲ್ಲಿ ಪಿ. ಕೆ. ಬ್ಯಾನರ್ಜಿಯವರದು ಒಂದು ಗೋಲು, ಜರ್ನೈಲ್ ಸಿಂಗರದು ಇನ್ನೊಂದು. ಭಾರತ ೨-೧ರಿಂದ ಗೆದ್ದು ಚಿನ್ನದ ಪದಕವನ್ನು ತಂದಿತು. ಅದಾದ ಮೇಲೆ ಇಂದಿನವರೆಗೆ ಏಷ್ಯನ್ ಕ್ರೀಡೆಗಳ ಫುಟ್‌ಬಾಲಿನಲ್ಲಿ ನಮ್ಮವರಿಗೆ ಚಿನ್ನ ದೊರೆತಿಲ್ಲ.

ಇದನ್ನು ಕೇವಲ ಅದೃಷ್ಟವೆನ್ನುವವರು ಇರಬಹುದು. ನಾನು ಹಾಗೆ ಎಣಿಸುವುದಿಲ್ಲ. ತನ್ನ ಶಿಷ್ಯನನ್ನು ಒಂದೇ ಕೆಲಸಕ್ಕೆಂದು ತಿಳಿದವನಿಗೆ ಆ ಕೆಲಸ ಕೆಟ್ಟಾಗ ಶಿಷ್ಯನೂ ಕೆಟ್ಟಂತೆಯೇ. ಶಿಷ್ಯನನ್ನು ಇಡಿಯಾಗಿ ತಿಳಿದವನಿಗೆ ಅವನಲ್ಲಿ ಇನ್ನೊಂದು ಕೆಲಸದ ಯೋಗ್ಯತೆಯೂ ಕಾಣುತ್ತದೆ. ವರ್ಷಗಟ್ಟಲೆ ನೋಡಿದ ಕಣ್ಣಿಗೆ ಮಾತ್ರ ಒಂದು ರಾತ್ರಿಯಲ್ಲಿ ಇಂಥ ನಿರ್ಧಾರ ಸಾಧ್ಯ.

ಜಕಾರ್ತಾದ ಗೆಲುವಾಗಿ ಒಂದು ವರ್ಷ ತುಂಬುವುದಕ್ಕೂ ಅವರು ಉಳಿಯಲಿಲ್ಲ. ೧೯೬೩ರ ಜೂನ್ ೧೧ರಂದು, ತಮ್ಮ ೫೩ನೆಯ ವಯಸ್ಸಿನಲ್ಲಿ, ರಹೀಮ್ ಸಾಹೇಬರು ದಿವಂಗತರಾದರು. ಕ್ರೀಡಾ ಶಿಕ್ಷಕರಿಗೆಂದು ಭಾರತ ಸರ್ಕಾರ ದ್ರೋಣಾಚಾರ್ಯ ಪ್ರಶಸ್ತಿಯನ್ನು ಏರ್ಪಡಿಸಿದ್ದು ೧೯೮೫ರಲ್ಲಿ. ಅವರು ತೀರಿಕೊಂಡ ಇಪ್ಪತ್ತೆರಡು ವರ್ಷದ ಮೇಲೆ. ೨೦೨೪ರಲ್ಲಿ ಅವರ ಬಾಳನ್ನು ಕುರಿತು ಹಿಂದಿಯಲ್ಲಿ ಒಂದು ಚಲನಚಿತ್ರ ಬಂದ ಮೇಲೆ ಎಷ್ಟೋ ಜನ ಅವರ ಹೆಸರನ್ನು ಮೊದಲ ಬಾರಿಗೆ ಕೇಳಿದರು.

ನಾನು ಈ ವಿಷಯವನ್ನು ಆರಿಸಿಕೊಂಡುದಕ್ಕೆ ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ. ನಮ್ಮ ನಾಡಿಗೂ ಈ ಆಟದಲ್ಲಿ ಹಿರಿಮೆಯುಂಟು. ೧೯೪೬ರಲ್ಲಿಯೂ ೧೯೫೨ರಲ್ಲಿಯೂ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು. ೧೯೬೮-೬೯ರಲ್ಲಿ ಗೆದ್ದ ಮೇಲೆ ಮತ್ತೆ ಆ ಟ್ರೋಫಿ ಕರ್ನಾಟಕಕ್ಕೆ ಬಂದದ್ದು ೨೦೨೩ರಲ್ಲಿ. ಐವತ್ತು ವರ್ಷಕ್ಕೂ ಮೀರಿದ ಈ ಅಂತರದಲ್ಲಿ ಹುಡುಗರ ಕಾಲಿನಲ್ಲಿ ಬಲವಿಲ್ಲದೆ ಹೋಯಿತೆ? ಇರಲಾರದು. ನೋಡುವ ಕಣ್ಣು ಕಡಮೆಯಾದದ್ದೂ ಒಂದು ಕಾರಣವಾಗಿರಬೇಕು.

ದೇವನಹಳ್ಳಿ ತಾಲ್ಲೂಕಿನ ನಮ್ಮ ಚನ್ನರಾಯಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಬೇಸಿಗೆಗೆ ಕೆರೆಯಂಗಳ ಒಣಗಿದರೆ ಅದೇ ಆಟದ ಬಯಲು. ಕಬಡ್ಡಿ, ವಾಲಿಬಾಲ್, ಕ್ರಿಕೆಟ್ಟು, ಏನು ಸಿಕ್ಕಿದರೆ ಅದನ್ನು ಹುಡುಗರು ಆಡುತ್ತಾರೆ. ಕೆಲವರ ಕಾಲಿನಲ್ಲಿ ಚಪ್ಪಲಿಯೂ ಇರುವುದಿಲ್ಲ. ತಾಲ್ಲೂಕಿನಲ್ಲಿಯೇ ವಿಮಾನ ನಿಲ್ದಾಣವಿದೆ. ದೇಶವಿದೇಶದ ತಂಡಗಳು ಅಲ್ಲಿ ಇಳಿದು ನೇರವಾಗಿ ಬೆಂಗಳೂರಿಗೆ ಹೋಗುತ್ತವೆ. ಆಟಗಾರರನ್ನು ಆರಿಸುವವರು ಮಾತ್ರ ಈ ಕೆರೆಯಂಗಳಕ್ಕೆ ಬರುವುದಿಲ್ಲ. ಹೆಣ್ಣುಮಕ್ಕಳ ಮಾತಂತೂ ಇನ್ನೂ ದೂರ. ಹತ್ತನೆಯ ತರಗತಿಯವರೆಗೆ ಓಟದಲ್ಲಿ ಎಲ್ಲರನ್ನೂ ಹಿಂದಿಕ್ಕುತ್ತಿದ್ದ ಹುಡುಗಿ ಆಮೇಲೆ ಎಲ್ಲಿಗೆ ಹೋದಳೆಂದು ಕೇಳುವವರಿಲ್ಲ.

ಈ ಕೊರತೆಯನ್ನು ತುಂಬಲು ದೊಡ್ಡ ಕ್ರೀಡಾಂಗಣ ಬಂದ ಮೇಲೆಯೇ ಆಗಬೇಕೆಂದಿಲ್ಲ. ರಹೀಮ್ ಸಾಹೇಬರು ಕುಳ್ಳ ಹುಡುಗರಿಗೆ ಪಂದ್ಯಾಟ ಏರ್ಪಡಿಸಲು ಬೇಕಾದದ್ದು ಒಂದು ಬಯಲು, ಒಂದು ಚೆಂಡು, ಮತ್ತು ಅಂಥ ಹುಡುಗರೂ ಇದ್ದಾರೆಂಬ ಅರಿವು. ಈ ವರ್ಷ ನಮ್ಮೊಡನೆ ಪದವಿ ಪಡೆಯುವವರಲ್ಲಿ ಹಲವರು ಮುಂದೆ ಉಪಾಧ್ಯಾಯರಾಗುವವರು. ಅವರು ಯಾವ ವಿಷಯವನ್ನೇ ಕಲಿಸಲಿ, ಸಂಜೆ ಶಾಲೆಯ ಗಂಟೆ ಹೊಡೆದ ಮೇಲೆ ಒಂದರ್ಧ ಗಂಟೆ ಬಯಲಿನ ಅಂಚಿನಲ್ಲಿ ನಿಂತು, ಗೋಲು ಹೊಡೆದವನನ್ನಲ್ಲದೆ ಅವನಿಗೆ ಚೆಂಡನ್ನು ದಾಟಿಸಿದವನನ್ನೂ ನೋಡಲಿ. ಆ ಹುಡುಗ ಮನೆಯಿಂದ ಹೇಗೆ ಬರುತ್ತಾನೆಂದೂ ಕೇಳಲಿ.